ಬೆಕ್ಕಿಗೆ ಜಳಕ: ಯಾವಾಗ ಬೇಕು, ಹೇಗೆ ಮಾಡಿಸಬೇಕು?



ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ನಮಗೆಲ್ಲ ಗೊತ್ತು. ಬೆಕ್ಕಿಗೆ ಜಳಕ ಮಾಡಿಸುವವರು ಯಾರು? ಹೋದ ತಿಂಗಳು ಒಂದು ರವಿವಾರ ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂತು. ಅವ್ವ ನನ್ನ ಮುಖ ನೋಡಿದಳು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಬಾಗಿಲ ಕಡೆ ನೋಡಿದ. ಅವನು ಹಾಗೇಕೆ ನೋಡಿದ ಎಂಬುದನ್ನು ಮುಂದೆ ಹೇಳುತ್ತೇನೆ. ಕಡೆಗೆ ಇಬ್ಬರೂ ಕೂಡಿ ಜಳಕ ಮಾಡಿಸಿದೆವು. ಸೋಮವಾರ ಶಾಲೆಗೆ ಬಂದಾಗ ನನ್ನ ಕೈ ಮೇಲಿನ ಗೀರು ನೋಡಿ ವಿಜ್ಞಾನದ ಸರ್ ಕೇಳಿದರು. ಎಲ್ಲ ಹೇಳಿದೆ. "ಇದನ್ನ ಗ್ವಾಡಿ ಪತ್ರಿಕೆಗೆ ಬರಿ. ಆದರ ಬರೇ ಕತಿ ಬರೀಬ್ಯಾಡ, ಕಾರಣ ಸೈತ ಬರಿ" ಅಂದರು. ಅದಕ್ಕೇ ಇದನ್ನು ಬರೆದಿದ್ದೇನೆ. ಇದರಲ್ಲಿ ದನದ ಡಾಕ್ಟರರು ಹೇಳಿದ್ದೂ ಇದೆ, ಸರ್ ಹೇಳಿದ್ದೂ ಇದೆ, ನಾವು ಮಾಡಿ ಕಲಿತದ್ದೂ ಇದೆ.

ಮೊದಲು ಒಂದು ಮಾತು. ಆರಾಮ ಇರುವ ಬೆಕ್ಕಿಗೆ ಜಳಕ ಬೇಕಾಗಿಲ್ಲ. ಎತ್ತು ಎಮ್ಮೆ ತೊಳೆದಂಗ ಹಳ್ಳಕ್ಕೆ ಹೊಡಕೊಂಡು ಹೋಗಿ ತೊಳೆಯುವ ಪ್ರಾಣಿ ಅದಲ್ಲ. ಎಚ್ಚರ ಇರುವ ಹೊತ್ತಿನಲ್ಲಿ ಬಹಳಷ್ಟು ಹೊತ್ತು ಅದು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತಿರುತ್ತದೆ. ಎರೆಮಣ್ಣಿನ ಹೊಲದಲ್ಲಿ ಹೊಳ್ಳಾಡಿ ಬಂದರೂ ಚಿಂತೆ ಇಲ್ಲ, ಮಣ್ಣು ಒಣಗಿದ ಮೇಲೆ ಕೈಯಿಂದ ಉದುರಿಸಿದರೆ ಸಾಕು, ಉಳಿದದ್ದನ್ನು ಅದೇ ತೆಗೆಯುತ್ತದೆ.

ಬೆಕ್ಕಿನ ನಾಲಗೆ ನಿಮ್ಮ ಕೈ ನೆಕ್ಕಿದಾಗ ಉಪ್ಪುಕಾಗದ ತಿಕ್ಕಿದಂತೆ ಆಗುತ್ತದಲ್ಲ, ಅದೇಕೆ? ನಾಲಗೆಯ ಮೇಲೆ ಗಂಟಲ ಕಡೆಗೆ ಬಾಗಿದ ಸಣ್ಣ ಸಣ್ಣ ಕೊಕ್ಕೆಗಳಿವೆ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಅವೂ ಆಗಿವೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಎಂಬ ವಿದ್ಯಾಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಎಂಬ ವಿಜ್ಞಾನಿಗಳು ಈ ಕೊಕ್ಕೆಗಳನ್ನು ಬಹಳ ಹತ್ತಿರದಿಂದ ಪರೀಕ್ಷಿಸಿದರು. ಪ್ರತಿ ಕೊಕ್ಕೆಯ ತುದಿ ಚಮಚದ ಹಾಗೆ ಒಳಗೆ ತೋಡಿದಂತಿದೆ ಎಂದು ಅವರಿಗೆ ತಿಳಿಯಿತು. ಆ ತೋಡಿನಲ್ಲಿ ಬೆಕ್ಕು ಜೊಲ್ಲನ್ನು ತುಂಬಿಕೊಂಡು ಕೂದಲಿನ ಬುಡದವರೆಗೂ ಮುಟ್ಟಿಸುತ್ತದೆ. ಹಣಿಗೆ, ತಂಬಿಗೆ, ನೀರು ಮೂರೂ ಒಂದೇ ನಾಲಗೆಯಲ್ಲಿ! ಆ ಜೊಲ್ಲು ಆರುವಾಗ ಮೈ ತಂಪಾಗುತ್ತದೆ, ಮಡಿಕೆಯ ನೀರು ತಂಪಾದಂತೆ. ನಮ್ಮ ಹಾಗೆ ಮೈತುಂಬ ಬೆವರುವುದು ಬೆಕ್ಕಿಗೆ ಇಲ್ಲ, ಅದಕ್ಕೆ ಬೆವರುವುದು ಅಂಗಾಲಿನಲ್ಲಿ ಮಾತ್ರ. 40 ಡಿಗ್ರಿ ದಾಟುವ ನಮ್ಮ ಇಂಡಿ, ಸಿಂದಗಿ ಬ್ಯಾಸಗಿಯಲ್ಲಿ ಬೆಕ್ಕು ಜೋಳದ ಚೀಲದ ಮರೆಯಲ್ಲಿ ಕೂತು ಮೈ ನೆಕ್ಕುವುದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯ ಮಾತಿಗೆ ಬಂದೆ. ಬೆಕ್ಕು ನೆಕ್ಕಿದ್ದನ್ನು ಉಗುಳುವುದಿಲ್ಲ. ಕೊಕ್ಕೆಗಳು ಗಂಟಲ ಕಡೆ ಬಾಗಿರುವುದರಿಂದ ನಾಲಗೆಗೆ ಹತ್ತಿದ್ದು ಒಳಗೇ ಹೋಗುತ್ತದೆ. ಡಾಕ್ಟರರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಬೆಕ್ಕಿನ ಮೈಮ್ಯಾಗ ಇದ್ದದ್ದು ಸಂಜೀತನಕ ಅದರ ಹೊಟ್ಯಾಗ ಇರತದ." ಹಾಗಾದರೆ ನಾಲಗೆಗೆ ಹತ್ತಬಾರದ್ದು ಮೈಗೆ ಹತ್ತಿದಾಗ ಮಾತ್ರ ಜಳಕ ಬೇಕು. ಎಣ್ಣೆ, ಡೀಸೆಲ್, ಬಣ್ಣ, ಹೊಲಕ್ಕೆ ಹೊಡೆಯುವ ಔಷಧ, ಫಿನಾಯಿಲ್ ಇಂಥವು. ಮತ್ತು ಜಳಕಕ್ಕೆ ನಾವು ಏನು ಹಚ್ಚುತ್ತೇವೋ ಅದೂ ಹೊಟ್ಟೆಗೇ ಹೋಗುತ್ತದೆ. ಈ ಎರಡನೆಯ ಮಾತು ನಮ್ಮ ಮನೆಯಲ್ಲಿ ಮೊದಲು ಗೊತ್ತಿರಲಿಲ್ಲ. ಅದರಿಂದ ಏನಾಯಿತು ಎಂದು ಬರೆಯಲು ಅಣ್ಣನನ್ನು ಕೇಳಿದೆ. "ಬರಿ" ಅಂದ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಬೆಳ್ಳಿ ಎಂಬ ಬೆಕ್ಕಿತ್ತು. ಬಿಳಿ ಬೆಕ್ಕು. ಅದರ ಮೈಯಲ್ಲಿ ಚಿಗಟ ಬಹಳ ಆಗಿದ್ದವು. ರಾತ್ರಿ ಹಾಸಿಗೆಗೆ ಬಂದು ನಮಗೂ ಕಡಿಯುತ್ತಿದ್ದವು. ಎಮ್ಮೆಗೆ ಉಣ್ಣಿ ಆದಾಗ ತಂದ ಔಷಧ ಬಾಟಲಿಯಲ್ಲಿ ಸ್ವಲ್ಪ ಉಳಿದಿತ್ತು. ಎಮ್ಮೆಯಂಥ ಎಮ್ಮೆಗೇ ಏನೂ ಆಗಿಲ್ಲ, ಬೆಕ್ಕಿಗೆ ನಾಕು ಹನಿ ಹಾಕಿದರೆ ಏನಾಗುತ್ತದೆ ಎಂದು ಅಣ್ಣ ಅದನ್ನು ನೀರಿಗೆ ಹಾಕಿ ಬೆಳ್ಳಿಗೆ ಜಳಕ ಮಾಡಿಸಿದ. ಅವನ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ಚಿಗಟ ಸತ್ತವು. ಸಂಜೆ ಹೊತ್ತಿಗೆ ಬೆಳ್ಳಿಯ ಕಿವಿ ಅದುರಲು ಸುರುವಾಯಿತು, ಆಮೇಲೆ ಕಾಲು, ಆಮೇಲೆ ಇಡೀ ಮೈ. ಬಾಯಲ್ಲಿ ಜೊಲ್ಲು ಬಂತು. ಬೆಳಗಾಗುವುದರೊಳಗೆ ಸತ್ತಿತು. ಅಣ್ಣ ಬದುವಿನ ಬೇವಿನ ಗಿಡದ ಕೆಳಗೆ ಹುಗಿದು ಬಂದ, ಅವತ್ತು ಊಟ ಮಾಡಲಿಲ್ಲ.

ಮುಂದೆ ಎಮ್ಮೆ ನೋಡಲು ಬಂದ ಡಾಕ್ಟರರಿಗೆ ಆ ಬಾಟಲಿ ತೋರಿಸಿದಾಗ ಅವರು ತಿಳಿಸಿ ಹೇಳಿದರು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಹೀಗೆ ಹೆಸರಿನ ಕೊನೆಗೆ 'ಥ್ರಿನ್' ಎಂದು ಬರುವ ಔಷಧಗಳು ಒಂದೇ ಮನೆತನದವು. ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿ ಹುಳ ಕೊಲ್ಲುವ ವಿಷ ಇರುತ್ತದೆ, ಅದರ ಮಾದರಿಯಲ್ಲೇ ಇವನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಇವು ನರಗಳ ಬಾಗಿಲನ್ನು ಮುಚ್ಚಗೊಡುವುದಿಲ್ಲ, ಆದ್ದರಿಂದ ನರ ಸುಮ್ಮನಾಗದೆ ಮೈ ಅದುರುತ್ತಲೇ ಇರುತ್ತದೆ. ಹುಳ ಸಾಯುವುದೂ ಹೀಗೆಯೇ. ದನ, ನಾಯಿ, ಮನುಷ್ಯರ ಯಕೃತ್ತು ಈ ವಿಷವನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ವಿಷ ತೆಗೆಯುವ ಕೆಲವು ಕಿಣ್ವಗಳು ಬಹಳ ಕಡಿಮೆ. ಮಾಂಸ ತಿಂದು ಬದುಕುವ ಪ್ರಾಣಿಗೆ ಗಿಡಮೂಲಿಕೆಯ ವಿಷ ಅರಗಿಸುವ ಕೆಲಸ ಹೆಚ್ಚು ಬೀಳದ್ದರಿಂದ ಹೀಗಾಗಿರಬಹುದು ಎನ್ನುತ್ತಾರೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಸಾಕು, ಬೆಕ್ಕಿನ ಜೀವ ಹೋಗಬಹುದು. ಬಚ್ಚಲಿಗೆ ಹಾಕುವ ಫಿನಾಯಿಲ್, ಗಾಯಕ್ಕೆ ಹಾಕುವ ಡೆಟಾಲ್ ಇವೂ ಬೆಕ್ಕಿಗೆ ವಿಷವೇ. ದೊಡ್ಡ ಪ್ರಾಣಿಗೆ ತಡೆದದ್ದು ಸಣ್ಣ ಪ್ರಾಣಿಗೆ ಸ್ವಲ್ಪ ಹಾಕಿದರೆ ತಡೆಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ಆಯಿ ಚಿಗಟಕ್ಕೆ ಲಿಂಬೆ ಸಿಪ್ಪೆ ತಿಕ್ಕಬೇಕು ಎನ್ನುತ್ತಿದ್ದಳು. ಇಂಡಿ ಲಿಂಬೆ ಎಂದರೆ ಜಿಐ ಮಾನ್ಯತೆ ಪಡೆದ ಲಿಂಬೆ, ನಮ್ಮ ಭಾಗದ ಹೆಮ್ಮೆ. ಆದರೆ ಅದರ ಸಿಪ್ಪೆಯ ಎಣ್ಣೆಯಲ್ಲಿ ಲಿಮೋನೀನ್ ಎಂಬ ವಸ್ತು ಇದೆ, ಅದೂ ಬೆಕ್ಕಿಗೆ ಆಗಿಬರುವುದಿಲ್ಲ. ಆಯಿಗೆ ಇದನ್ನು ಹೇಳಿದರೆ "ನಮ್ಮ ಲಿಂಬಿಗೆ ಹೆಸರ ಇಡತೀಯೇನ?" ಎಂದು ಬೈದಳು. ಹಾಗಾದರೆ ಚಿಗಟಕ್ಕೆ ಏನು ಮಾಡುವುದು? ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಬಂದ ಚಿಗಟಗಳನ್ನು ಸೋಪಿನ ನೀರಿನಲ್ಲಿ ಅದ್ದಬೇಕು. ಅದು ಮಲಗುವ ಗೋಣಿ, ಕೌದಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಚಿಗಟದ ತತ್ತಿ, ಮರಿಹುಳ ಹೆಚ್ಚಾಗಿ ಇರುವುದು ಬೆಕ್ಕಿನ ಮೈಮೇಲೆ ಅಲ್ಲ, ಹಾಸಿಗೆಯಲ್ಲಿ ಮತ್ತು ನೆಲದ ಸಂದಿಯಲ್ಲಿ.

ಬೆಳ್ಳಿಯ ಮರಿಯೇ ಈಗಿನ ಕಾಡಿಗಿ. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಇರುವುದರಿಂದ ಆ ಹೆಸರು. ಬೆಳ್ಳಿಗೆ ಔಷಧ ಹಚ್ಚಿದ ದಿನ ಅದು ಕಾಕಾನ ಮನೆಯಲ್ಲಿತ್ತು, ಆದ್ದರಿಂದ ಉಳಿಯಿತು. ಹೋದ ತಿಂಗಳು ಆ ರವಿವಾರ ಕಾಡಿಗಿ ಇಲಿ ಬೆನ್ನು ಹತ್ತಿ ಅಟ್ಟದಿಂದ ಜಾರಿ, ಬಂಡಿ ಕೀಲಿಗೆ ಹಾಕಲು ಅಪ್ಪ ಇಟ್ಟಿದ್ದ ಸುಟ್ಟ ಆಯಿಲ್ ಡಬ್ಬಿಯಲ್ಲಿ ಬಿತ್ತು. ಹೊಟ್ಟೆಯಿಂದ ಕೆಳಗೆ ಕರ್ರಗೆ ಆಗಿ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಿತು. ಕೂತದ್ದೇ ಕಾಲು ನೆಕ್ಕಲು ಬಾಯಿ ತೆರೆಯಿತು.

ಅಣ್ಣ ಓಡಿ ಹೋಗಿ ಹಳೆ ಪಂಜೆಯಿಂದ ಅದನ್ನು ಸುತ್ತಿ ಹಿಡಿದ. ನೆಕ್ಕುವುದನ್ನು ನಿಲ್ಲಿಸುವುದೇ ಮೊದಲ ಕೆಲಸ, ತೊಳೆಯುವುದು ಆಮೇಲೆ. ಅಷ್ಟರಲ್ಲಿ ಓಣಿಯವರು ಕೂಡಿದರು. ಒಬ್ಬರು "ಚಿಮಣಿ ಎಣ್ಣಿ ಹಾಕಿ ಒರಸ್ರಿ, ಆಯಿಲ್ ಬಿಡತದ" ಅಂದರು. ಇನ್ನೊಬ್ಬರು "ಅರಬಿ ಒಗಿಯೋ ಪುಡಿ ನೀರಾಗ ಅದ್ದ್ರಿ" ಅಂದರು. ಚಿಮಣಿ ಎಣ್ಣೆ ಆಯಿಲನ್ನು ಬಿಡಿಸುವುದು ಖರೆ, ಆದರೆ ಅದೇ ಒಂದು ವಿಷ, ಚರ್ಮವನ್ನೂ ಸುಡುತ್ತದೆ. ಅರಬಿ ಪುಡಿ ಬಹಳ ಖಾರ. ಅಣ್ಣ ಯಾರ ಮಾತೂ ಕೇಳದೆ ಡಾಕ್ಟರರಿಗೆ ಫೋನು ಮಾಡಿಸಿದ. (ದನಕರುಗಳಿಗೆ 1962 ಎಂಬ ಸಹಾಯವಾಣಿ ಇದೆ, ಎಲ್ಲರೂ ಬರೆದಿಟ್ಟುಕೊಳ್ಳಿ.) ಅವರು ಹೇಳಿದಂತೆ ಮಾಡಿದೆವು.

ಮೊದಲು ನೀರು ಹಾಕಲೇ ಇಲ್ಲ. ಹಳೆ ಅರಿವೆಯಿಂದ ಎಷ್ಟು ಬರುತ್ತದೋ ಅಷ್ಟು ಆಯಿಲ್ ಒರೆಸಿದೆವು. ಮೇಲೆ ಜೋಳದ ಹಿಟ್ಟು ಉದುರಿಸಿ ಒರೆಸಿದೆವು, ಹಿಟ್ಟು ಆಯಿಲ್ ಹೀರಿಕೊಂಡು ಮುದ್ದೆಮುದ್ದೆಯಾಗಿ ಬಂತು. ಗಟ್ಟಿ ಹತ್ತಿದ ಕಡೆ ಶೇಂಗಾ ಎಣ್ಣೆ ಹಚ್ಚಿ ಮೆತ್ತಗೆ ಮಾಡಿದೆವು. ಎಣ್ಣೆಗೆ ಎಣ್ಣೆ ಕರಗುತ್ತದೆ, ನೀರಿಗೆ ಕರಗುವುದಿಲ್ಲ. ಆಮೇಲೆ ಭಾಂಡೆ ತಿಕ್ಕುವ ದ್ರವ ಸೋಪನ್ನು ಒಂದು ಚಮಚದಷ್ಟು ನೀರಿನಲ್ಲಿ ಕಲಸಿ ಹಚ್ಚಿದೆವು. ನಮ್ಮ 10ನೇ ಇಯತ್ತೆಯ ವಿಜ್ಞಾನದ ಪುಸ್ತಕದಲ್ಲಿ ಸಾಬೂನಿನ ಪಾಠ ಇದೆಯಲ್ಲ, ಸಾಬೂನಿನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ ಎಂದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಾಡಿಗಿಯ ಹೊಟ್ಟೆಯ ಮೇಲಿಂದ ಕಪ್ಪು ನೀರು ಇಳಿಯುವಾಗ ಅದು ಅರ್ಥವಾಯಿತು.

ಇನ್ನು ನೀರಿನ ಮಾತು. ಬೆಕ್ಕಿನ ಮೈ ನಮ್ಮ ಮೈಗಿಂತ ಬೆಚ್ಚಗೆ, 38ರಿಂದ 39 ಡಿಗ್ರಿ ಇರುತ್ತದೆ. ನಮಗೆ ತಣ್ಣಗಲ್ಲ ಎನಿಸಿದ ನೀರು ಅದಕ್ಕೆ ತಣ್ಣೀರೇ. ಹಾಗೆಂದು ಹಂಡೆಯ ಸುಡುನೀರೂ ಬೇಡ. ಸುಟ್ಟೀತು, ಅದೂ ಅಲ್ಲದೆ ಬಿಸಿಗೆ ಚರ್ಮಕ್ಕೆ ರಕ್ತ ಹೆಚ್ಚು ಬಂದು ವಿಷ ಬೇಗ ಒಳಗೆ ಹೋಗುತ್ತದೆ. 'ಥ್ರಿನ್' ವಿಷಕ್ಕಾದರೆ ತಣ್ಣೀರು ಇನ್ನೂ ಕೆಟ್ಟದ್ದು, ಮೈ ತಣ್ಣಗಾದಷ್ಟೂ ಅದುರುವುದು ಹೆಚ್ಚಾಗುತ್ತದೆ. ಬೆಳ್ಳಿಗೆ ಮೈ ಅದುರುವಾಗ ನಾವು ತಣ್ಣೀರು ಹಾಕಿದ್ದೆವು. ಕೂಸಿಗೆ ಎರೆಯುವಾಗ ಆಯಿ ಮೊಣಕೈ ಅದ್ದಿ ನೋಡುತ್ತಾಳಲ್ಲ, ಆ ಹದವೇ ಬೆಕ್ಕಿಗೂ ಸರಿ.

ಬೆಕ್ಕು ನೀರಿಗೆ ಅಂಜುವುದೇಕೆ? ನಮ್ಮ ಮನೆ ಬೆಕ್ಕಿನ ಹಿರಿಯರು ಪಶ್ಚಿಮ ಏಷ್ಯಾದ ಒಣ ಪ್ರದೇಶದ ಕಾಡುಬೆಕ್ಕುಗಳು ಎಂದು 2007ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿದೆ. ಒಣ ನೆಲದಲ್ಲಿ ಬೆಳೆದ ಕುಲಕ್ಕೆ ಈಜುವ ಕೆಲಸ ಬೀಳಲಿಲ್ಲ. ಆದರೆ ಎಲ್ಲ ಬೆಕ್ಕಿನ ಜಾತಿಯೂ ಹಾಗಲ್ಲ, ಹುಲಿ ನೀರಿನಲ್ಲಿ ಬಿದ್ದುಕೊಂಡಿರುತ್ತದೆ, ಒಡಿಶಾದ ಚಿಲಿಕಾ ಸರೋವರದ ಕಡೆ ಇರುವ ಮೀನುಬೆಕ್ಕು ನೀರಿಗೆ ಹಾರಿ ಮೀನು ಹಿಡಿಯುತ್ತದೆ. ಮನೆ ಬೆಕ್ಕಿಗೆ ಇನ್ನೊಂದು ತೊಂದರೆ ಎಂದರೆ ದಟ್ಟ ಒಳಗೂದಲು. ನೀರು ಕುಡಿದರೆ ಮೈ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ. ನಾನು ನೋಡಿದ ಪ್ರಕಾರ ಅದು ನೀರಿಗಿಂತ ಹೆಚ್ಚು ಅಂಜುವುದು ಜಾರುವುದಕ್ಕೆ ಮತ್ತು ಸಪ್ಪಳಕ್ಕೆ. ಬುಟ್ಟಿಯಲ್ಲಿ ಗೋಣಿ ಚೀಲ ಹಾಸಿದ ಮೇಲೆ ಕಾಡಿಗಿ ಉಗುರನ್ನು ಗೋಣಿಗೆ ಊರಿ ನಿಂತಿತು. ಹಾಸದೆ ನಿಲ್ಲಿಸಿದಾಗ ಆ ಉಗುರು ನನ್ನ ಕೈಗೆ ಊರಿತ್ತು.

ನಾವು ಬಚ್ಚಲದಲ್ಲಿ ಮಾಡಿದೆವು. ಮೊದಲು ನೆಲವನ್ನು ಬರೀ ನೀರಿನಿಂದ ತೊಳೆದೆವು, ಫಿನಾಯಿಲ್ ಉಳಿದಿರಬಾರದಲ್ಲ. ನೀರು, ಸೋಪು, ಅರಿವೆ ಎಲ್ಲ ಒಳಗೆ ಇಟ್ಟುಕೊಂಡು ಆಮೇಲೆ ಬಾಗಿಲು ಹಾಕಿದೆವು. ಅರ್ಧ ತೊಯ್ದ ಬೆಕ್ಕನ್ನು ಬಿಟ್ಟು ಟವೆಲ್ ತರಲು ಹೋದರೆ ಬೆಕ್ಕೂ ಇಲ್ಲ, ಜಳಕವೂ ಇಲ್ಲ! ಬುಟ್ಟಿಯಲ್ಲಿ ನೀರು ನಾಕು ಬೆರಳಷ್ಟೇ. ಅಣ್ಣ ಒಂದು ಕೈ ಎದೆಯ ಕೆಳಗೆ, ಒಂದು ಕೈ ಬೆನ್ನ ಮೇಲೆ ಇಟ್ಟು ಹಿಡಿದ. ಸಣ್ಣ ಮರಿಯನ್ನು ತಾಯಿ ಕುತ್ತಿಗೆ ಹಿಡಿದು ಎತ್ತುತ್ತದೆ ಎಂದು ನಾವು ದೊಡ್ಡ ಬೆಕ್ಕನ್ನು ಹಾಗೆ ಎತ್ತಿದರೆ ಅದಕ್ಕೆ ನೋವಾಗುತ್ತದೆ, ಅಂಜಿಕೆಯೂ ಹೆಚ್ಚು. ನಾನು ಸಣ್ಣ ಗಡಿಗೆಯಿಂದ ಕುತ್ತಿಗೆಯ ಹಿಂದಿನಿಂದ ಬಾಲದ ಕಡೆಗೆ ಸಾವಕಾಶ ನೀರು ಬಿಟ್ಟೆ. ತಲೆ ಮೇಲೆ ಹಾಕಬಾರದು. ಕಿವಿಯಲ್ಲಿ ನೀರು ಹೋದರೆ ಹುಣ್ಣಾಗಬಹುದು. ಮುಖವನ್ನು ಒದ್ದೆ ಅರಿವೆಯಿಂದ ಒರೆಸಿದರೆ ಸಾಕು. ಸೋಪು ಪೂರ್ತಿ ಹೋಗುವವರೆಗೆ ಮೂರು ಸಲ ನೀರು ಬದಲಿಸಿದೆವು, ಯಾಕೆಂದರೆ ಉಳಿದ ಸೋಪು ಎಲ್ಲಿಗೆ ಹೋಗುತ್ತದೆ ಎಂದು ಈಗ ನಿಮಗೂ ಗೊತ್ತು.

ಕಾಡಿಗಿ ಒದರಿದ್ದು ನಾಕು ಮನೆಗೆ ಕೇಳಿಸಿತು. ಅಣ್ಣ ಮಾತ್ರ ದನಿ ಏರಿಸಲಿಲ್ಲ, "ಆತ ಆತ, ಮುಗೀತು ತಂಗಿ" ಎಂದು ಕೂಸಿಗೆ ಹೇಳಿದ ಹಾಗೆ ಹೇಳುತ್ತಲೇ ಇದ್ದ.

ಜಳಕ ಆದ ಮೇಲೆ ಅವ್ವನ ಹಳೆ ಸೀರೆಯಲ್ಲಿ ಸುತ್ತಿ ಒತ್ತಿ ಒತ್ತಿ ನೀರು ತೆಗೆದೆವು. ಬೆಳಗಿನ ಎಳೆಬಿಸಿಲಿನಲ್ಲಿ ಕೂಡಿಸಿದೆವು. ಮಳೆಗಾಲವಾದರೆ ಒಲೆಯ ಸಮೀಪ ಕೂಡಿಸಬೇಕು. ಎರಡು ತಿಂಗಳ ಒಳಗಿನ ಮರಿಗೆ, ಗಬ್ಬದ ಬೆಕ್ಕಿಗೆ, ಜಡ್ಡು ಬಂದ ಬೆಕ್ಕಿಗೆ ಹೀಗೆ ನೀರು ಹಾಕಬಾರದು, ಡಾಕ್ಟರರನ್ನೇ ಕೇಳಬೇಕು. ಆಯಿಲ್ ನೆಕ್ಕಿದ ಬೆಕ್ಕಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ತಪ್ಪು. ವಾಂತಿಯಾಗುವಾಗ ಆಯಿಲ್ ಪುಪ್ಪುಸಕ್ಕೆ ಹೋದರೆ ಅದು ಹೊಟ್ಟೆಯಲ್ಲಿ ಇರುವುದಕ್ಕಿಂತ ಅಪಾಯ.

ಈಗ ನನ್ನ ಗೀರಿನ ಸುದ್ದಿ. ಅವ್ವ ಅರಿಷಿಣ ಹಿಡಿದುಕೊಂಡು ಬಂದಳು. ನಾನು ಬೇಡವೆಂದು ನಳದ ಕೆಳಗೆ ಕೈ ಇಟ್ಟು ಸಾಬೂನು ಹಚ್ಚಿ 15 ನಿಮಿಷ ತೊಳೆದೆ. ಹುಚ್ಚು ಹಿಡಿಸುವ ರೇಬಿಸ್ ವಿಷಾಣು ಇರುವುದು ಜೊಲ್ಲಿನಲ್ಲಿ, ಆ ವಿಷಾಣು ಸೋಪಿಗೆ ಸಾಯುತ್ತದೆ. ನಾಯಿಯ ಹಾಗೆ ಬೆಕ್ಕಿಗೂ ಆ ರೋಗ ಬರುತ್ತದೆ. ಬೆಕ್ಕು ತನ್ನ ಪಂಜವನ್ನೂ ನೆಕ್ಕಿಕೊಳ್ಳುವುದರಿಂದ ಪರಚಿದ್ದನ್ನೂ ಹಗುರ ಎಣಿಸುವಂತಿಲ್ಲ. ಅರಿಷಿಣ, ಸುಣ್ಣ, ಖಾರಪುಡಿ ಹಚ್ಚಿ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ. ರೋಗದ ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೂ ಮೊದಲು ಸೂಜಿ ಮಾಡಿಸಿಕೊಂಡರೆ ತಡೆಯಬಹುದು. ಈ ಲಸಿಕೆಯನ್ನು 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮೊದಲ ಸಲ ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಕೊಟ್ಟು ಉಳಿಸಿದರು. ಈಗ ಸರಕಾರಿ ದವಾಖಾನೆಯಲ್ಲಿ ಪುಗಸಟ್ಟೆ ಕೊಡುತ್ತಾರೆ. ಮೊದಲಿನ ಹಾಗೆ ಹೊಟ್ಟೆಗೆ 14 ಸೂಜಿ ಅಲ್ಲ, ತೋಳಿಗೆ. ನಾನೂ ಮಾಡಿಸಿಕೊಂಡೆ, ಅತ್ತಿಲ್ಲ. ಕಾಡಿಗಿಗೂ ಆ ಲಸಿಕೆ ಹಾಕಿಸುವುದು ಬಾಕಿ ಇದೆ, ಅಪ್ಪ ಸಂತೆಯ ದಿನ ಒಯ್ಯುತ್ತೇನೆ ಅಂದಿದ್ದಾನೆ.

ಎರಡು ದಿನ ಕಾಡಿಗಿಯನ್ನು ಹೊರಗೆ ಬಿಡಲಿಲ್ಲ. ಕೆಮ್ಮು, ವಾಂತಿ, ಅದುರುವುದು ಏನಾದರೂ ಕಂಡರೆ ಕೂಡಲೇ ತರಬೇಕು ಎಂದು ಡಾಕ್ಟರರು ಹೇಳಿದ್ದರು. ಅಣ್ಣ ರಾತ್ರಿ ಎರಡು ಸಲ ಎದ್ದು ಬ್ಯಾಟರಿ ಹಿಡಿದು ಅದರ ಕಿವಿ ನೋಡಿದ. ಅದುರಲಿಲ್ಲ. ಮೂರನೆಯ ದಿನ ರೊಟ್ಟಿ ಹಾಲು ತಿಂದಿತು.

ಜಳಕ ಆದ ದಿನವೇ ಒಂದು ಮೋಜು ಆಯಿತು. ಬಿಸಿಲಿನಲ್ಲಿ ಮೈ ಒಣಗಿದ ಕೂಡಲೇ ಕಾಡಿಗಿ ಜೋಳದ ಚೀಲದ ಮೇಲೆ ಏರಿ, ನಾವು ತೊಳೆದ ಮೈಯನ್ನೆಲ್ಲ ಕಾಲಿನಿಂದ ಬಾಲದ ತನಕ ಮತ್ತೆ ಒಂದು ತಾಸು ನೆಕ್ಕಿಕೊಂಡಿತು. ಆಯಿ ನಕ್ಕು "ನೀವು ಮಾಡಿಸಿದ್ದು ಅದಕ್ಕ ಪಸಂದ ಬಂದಿಲ್ಲ, ತಾನ ಮತ್ತ ತೊಳಕೊಳ್ಳಾಕತ್ತದ" ಅಂದಳು. ಆಮೇಲೆ ಎಂಟು ದಿನ ನನ್ನ ಕೈಯಲ್ಲಿ ಗಡಿಗೆ ಕಂಡರೆ ಅಟ್ಟ ಏರುತ್ತಿತ್ತು. ಆಯಿಯ ಕೈಯಲ್ಲಿ ಕಂಡರೆ ಮಾತ್ರ ಓಡಲಿಲ್ಲ. ಆ ಗಡಿಗೆಯಲ್ಲಿ ಹಾಲು ಇರುತ್ತದೆ ಎಂದು ಅದಕ್ಕೆ ಗೊತ್ತು.

(10ನೇ ಇಯತ್ತೆಯ ವಿದ್ಯಾರ್ಥಿನಿ)